ಫೋಟೊ ಜೊತೆಗೆ ದನಿ, ನಕ್ಷೆ, ಬಟ್ಟೆ: ಒಂದು ಕೆರೆಯ ಕೆಲಸ ಮಾಡಿದ ಬಗೆ

ಮುಳಬಾಗಿಲಿನಲ್ಲಿ ನಮ್ಮದೊಂದು ಫೋಟೊ ಸ್ಟುಡಿಯೊ ಇದೆ. ಅಪ್ಪ ಶುರು ಮಾಡಿದ್ದು, ಈಗ ನಾನು ನಡೆಸುತ್ತೇನೆ. ಪಾಸ್‌ಪೋರ್ಟ್ ಸೈಜ್ ಫೋಟೊ, ಮದುವೆ, ನಾಮಕರಣ, ಇದೇ ಹೊಟ್ಟೆಪಾಡು. ಬಿಡುವು ಸಿಕ್ಕಾಗಲೆಲ್ಲ ಹತ್ತಿರದ ಹಳ್ಳಿಯೊಂದರ ಕೆರೆಯ ಫೋಟೊ ತೆಗೆಯುತ್ತಿದ್ದೆ. ಹೂಳು ತುಂಬಿದ ಅಂಗಳ, ಜಾಲಿ ಬೆಳೆದ ಏರಿ, ಕಲ್ಲು ಕಿತ್ತುಬಂದ ತೂಬು (ಕೆರೆ ನೀರನ್ನು ಗದ್ದೆಗೆ ಬಿಡುವ ಕಿಂಡಿ), ನಲ್ಲಿ ಮುಂದೆ ಕೊಡಗಳ ಸಾಲು. 2019ರಲ್ಲಿ ನಲವತ್ತು ಫೋಟೊ ಆರಿಸಿ ಆ ಊರಿನ ಶಾಲೆಯ ವರಾಂಡದಲ್ಲಿ ಹಾಕಿದೆ. ಜನ ಬಂದರು, ನೋಡಿದರು, "ಚೆನ್ನಾಗಿ ಬಂದಿದೆ" ಅಂದರು, ಹೋದರು.

ಒಬ್ಬರು ಮಾತ್ರ ಹೋಗಲಿಲ್ಲ. ಆ ಕೆರೆಯ ನೀರನ್ನು ಗದ್ದೆಗಳಿಗೆ ಬಿಡುತ್ತಿದ್ದ ಹಳೆಯ ನೀರಗಂಟಿ ತಾತ. ತೂಬಿನ ಫೋಟೊ ಮುಂದೆ ನಿಂತು ಮಾತು ಶುರು ಮಾಡಿದರು. ತುಂಬಿದ ಕೆರೆಯಲ್ಲಿ ಮುಳುಗಿ ತೂಬಿನ ಬಿರಡೆ ಎತ್ತುವಾಗ ಎಷ್ಟು ಹೊತ್ತು ಉಸಿರು ಕಟ್ಟಬೇಕು, ನೀರು ಹೊರಟ ಸದ್ದು ಕೇಳಿಯೇ ಕೊನೆಯ ಗದ್ದೆಗೆ ಅದು ಯಾವಾಗ ಮುಟ್ಟುತ್ತದೆ ಅಂತ ಹೇಗೆ ಹೇಳುತ್ತಿದ್ದರು, ಸುಗ್ಗಿಯಲ್ಲಿ ರೈತರು ಕಣದಲ್ಲೇ ಅವರ ಪಾಲು ಅಳೆದು ಕೊಡುತ್ತಿದ್ದುದು, ಅದು ಯಾವಾಗ ನಿಂತುಹೋಯಿತು ಅನ್ನೋದು. ಇಪ್ಪತ್ತು ನಿಮಿಷ. ಸುತ್ತ ಹತ್ತು ಹದಿನೈದು ಹುಡುಗರು ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದರು. ನನ್ನ ಕೈಯಲ್ಲಿ ಕ್ಯಾಮೆರಾ ಇತ್ತು, ಅವರ ಮುಖದ ಎರಡು ಫೋಟೊ ತೆಗೆದುಕೊಂಡೆ. ಮಾತನ್ನು ಹಿಡಿದಿಟ್ಟುಕೊಳ್ಳಲಿಲ್ಲ. ಆ ಎರಡು ಫೋಟೊ ಈಗಲೂ ನೋಡುತ್ತೇನೆ. ಬಾಯಿ ತೆರೆದಿದೆ, ಕೈ ಮೇಲೆದ್ದಿದೆ, ಏನು ಹೇಳುತ್ತಿದ್ದಾರೆ ಅಂತ ಗೊತ್ತಾಗೋದಿಲ್ಲ.

ಅಲ್ಲಿಂದ ನನ್ನ ಕೆಲಸದ ರೀತಿ ಬದಲಾಯಿತು. ಊರಿನ ಕಷ್ಟವನ್ನೋ ಒಂದು ಕಸುಬನ್ನೋ ಹಿಡಿದು ಫೋಟೊ ತೆಗೆಯುತ್ತಿದ್ದು, ಅದರಿಂದ ಏನಾದರೂ ಆಗಲಿ ಅಂತ ಆಸೆ ಇರುವವರಿಗೆ ಆ ರೀತಿಯನ್ನು ಹೇಳುತ್ತೇನೆ.

ಮೊದಲ ಕೆಲಸ: ಫೋಟೊಗಳನ್ನು ನೆಲದ ಮೇಲೆ ಹರಡಿ

ಸಣ್ಣ ಪ್ರಿಂಟ್ ಹಾಕಿಸಿ ಚಾಪೆ ಮೇಲೆ ಸಾಲಾಗಿ ಇಡಿ. ಪ್ರತಿ ಫೋಟೊ ಕೆಳಗೆ ಒಂದು ಚೀಟಿ. ಫೋಟೊದಲ್ಲಿ ಏನಿದೆ ಅಂತ ಬರೆಯಬೇಡಿ, ಅದು ಕಾಣುತ್ತದೆ. ಏನು ಇಲ್ಲ ಅಂತ ಬರೆಯಿರಿ. ತೂಬಿನ ಫೋಟೊ ಕೆಳಗೆ ನಾನು ಬರೆದದ್ದು ಇಷ್ಟು: ಕಲ್ಲು ಯಾವಾಗ ಬಿತ್ತು? ಇದರ ನೀರು ಯಾವ ಗದ್ದೆಗೆ ಹೋಗುತ್ತಿತ್ತು? ನೀರಿದ್ದಾಗ ಹೇಗಿತ್ತು? ಸದ್ದು ಹೇಗಿತ್ತು?

ಈ ನಾಲ್ಕು ಪ್ರಶ್ನೆಯೇ ನಾಲ್ಕು ದಾರಿ ತೋರಿಸಿದವು. 'ಯಾವಾಗ' ಅನ್ನೋದಕ್ಕೆ ಎರಡು ಸಾಲು ಬರಹ ಸಾಕು. 'ಯಾವ ಗದ್ದೆ' ಅನ್ನೋದಕ್ಕೆ ನಕ್ಷೆ ಬೇಕು. 'ನೀರಿದ್ದಾಗ' ಅನ್ನೋದಕ್ಕೆ ಹಳೆಯ ಫೋಟೊ ಹುಡುಕಬೇಕು. ಸದ್ದಿಗೆ ಸದ್ದೇ ಬೇಕು. ವಿಡಿಯೊ ಮಾಡೋಣ, ನಾಟಕ ಆಡಿಸೋಣ ಅಂತ ಮೊದಲೇ ಹೊರಡುವವರನ್ನು ನೋಡಿದ್ದೇನೆ. ಅದು ಉಲ್ಟಾ ದಾರಿ. ಫೋಟೊದಲ್ಲಿ ಎಲ್ಲಿ ಕೊರತೆ ಇದೆಯೋ ಅಲ್ಲಿಗೆ ಮಾತ್ರ ಬೇರೆ ಮಾಧ್ಯಮ ತನ್ನಿ.

ಇನ್ನೊಂದು ಚೀಟಿ ಬೇಕು: ಇದನ್ನು ಯಾರು ನೋಡಬೇಕು? ಹೆಸರು ಹಿಡಿದು ಬರೆಯಿರಿ. 'ಸಮಾಜ' ಅಂತ ಬರೆದರೆ ಪ್ರಯೋಜನ ಇಲ್ಲ. ನನ್ನ ಪಟ್ಟಿಯಲ್ಲಿ ಇದ್ದದ್ದು ಪಂಚಾಯಿತಿ ಪಿಡಿಒ, ವಾರ್ಡಿನ ಸದಸ್ಯರು, ಅಚ್ಚುಕಟ್ಟಿನ (ಕೆರೆ ನೀರುಣ್ಣುವ ಜಮೀನಿನ) ರೈತರು, ನೀರು ಹೊರುವ ಹೆಂಗಸರು. ಕರ್ನಾಟಕದಲ್ಲಿ 40 ಹೆಕ್ಟೇರಿಗಿಂತ ದೊಡ್ಡ ಅಚ್ಚುಕಟ್ಟಿನ ಕೆರೆ ಸಣ್ಣ ನೀರಾವರಿ ಇಲಾಖೆಗೆ ಸೇರುತ್ತದೆ, ಅದಕ್ಕಿಂತ ಚಿಕ್ಕವು ಪಂಚಾಯತ್ ವ್ಯವಸ್ಥೆಗೆ. ನಮ್ಮದು ಚಿಕ್ಕ ಕೆರೆ. ಹಾಗಾಗಿ ಬೆಂಗಳೂರಿನಲ್ಲಿ ಪ್ರದರ್ಶನ ಮಾಡಿ ಲಾಭ ಇರಲಿಲ್ಲ. ಕೆಲಸ ಆಗಬೇಕಾದದ್ದು ಮೂರು ಕಿಲೋಮೀಟರ್ ಆಚೆ ಇರುವ ಪಂಚಾಯಿತಿ ಕಟ್ಟಡದಲ್ಲಿ.

ಇದೇನೂ ಹೊಸ ದಾರಿಯಲ್ಲ. ಅಮೆರಿಕದಲ್ಲಿ ಲೂಯಿಸ್ ಹೈನ್ 1908ರಿಂದ ಬಾಲಕಾರ್ಮಿಕರ ಫೋಟೊ ತೆಗೆದರು. ಮಗುವಿನ ಎತ್ತರವನ್ನು ತಮ್ಮ ಕೋಟಿನ ಗುಂಡಿಗಳಿಗೆ ಹೋಲಿಸಿ ಅಳೆಯುತ್ತಿದ್ದರು, ಜೇಬಿನೊಳಗೆ ಕೈ ಇಟ್ಟುಕೊಂಡೇ ವಯಸ್ಸು, ಕೆಲಸದ ವಿವರ ಗೀಚಿಕೊಳ್ಳುತ್ತಿದ್ದರು. ಆ ವಿವರದ ಜೊತೆಗೆ ಫೋಟೊಗಳು ಪೋಸ್ಟರ್ ಆದವು, ಸಭೆಗಳಲ್ಲಿ ಸ್ಲೈಡ್ ಆದವು. ನಮ್ಮಲ್ಲಿ ಪತ್ರಕರ್ತ ಪಿ. ಸಾಯಿನಾಥ್ ಅವರು ಹಳ್ಳಿ ಹೆಂಗಸರ ದುಡಿಮೆಯ ಫೋಟೊಗಳನ್ನು ಬರಹದ ಜೊತೆ ಫಲಕ ಮಾಡಿ ಬಸ್ ನಿಲ್ದಾಣ, ಫ್ಯಾಕ್ಟರಿ ಗೇಟಿನ ಮುಂದೆಲ್ಲ ತೋರಿಸಿದರು. ಅವರು 2014ರಲ್ಲಿ ಶುರು ಮಾಡಿದ 'ಪರಿ' ಜಾಲತಾಣ ಕನ್ನಡದಲ್ಲೂ ಇದೆ. ಫೋಟೊ, ಬರಹ, ದನಿ, ವಿಡಿಯೊ ಒಂದಕ್ಕೊಂದು ಹೇಗೆ ಹೆಗಲು ಕೊಡುತ್ತವೆ ಅಂತ ಅಲ್ಲಿ ಕೂತು ನೋಡಿ.

ದನಿ ಹಿಡಿಯುವುದು

ನೀರಗಂಟಿ ತಾತನ ಹತ್ತಿರ ಮತ್ತೆ ಹೋದೆ. ಒಂದೇ ಸಲಕ್ಕೆ ಆಗಲಿಲ್ಲ. ಮೈಕ್ ಎದುರಿಗೆ ಇಟ್ಟರೆ "ಹೌದು, ಕೆರೆ ಚೆನ್ನಾಗಿತ್ತು, ಈಗ ಹಾಳಾಗಿದೆ" ಅಷ್ಟೇ. ಮೂರನೇ ಸಲ ತೂಬಿನ ಫೋಟೊ ತೆಗೆದುಕೊಂಡು ಹೋಗಿ ಕೈಗೆ ಕೊಟ್ಟೆ. ಬೆರಳು ಕಲ್ಲಿನ ಮೇಲೆ ಓಡಾಡಿತು, ಮಾತು ತಾನಾಗಿ ಬಂತು. ಯಾರನ್ನಾದರೂ ಮಾತಾಡಿಸಬೇಕು ಅಂದರೆ ಫೋಟೊವನ್ನು ಅವರ ಕೈಗೆ ಕೊಡಿ. ಪ್ರಶ್ನೆ ಕೇಳುವುದಕ್ಕಿಂತ ಇದು ಹತ್ತು ಪಾಲು ಮೇಲು.

ಪ್ರಶ್ನೆ ಕೇಳಲೇಬೇಕು ಅಂದರೆ ಒಂದು ದಿನದ ಬಗ್ಗೆ ಕೇಳಿ. "ಆಗ ಹೇಗಿತ್ತು?" ಅಂದರೆ ಸವಕಲು ಉತ್ತರ ಬರುತ್ತದೆ. "ಕೆರೆ ತುಂಬಿ ಕೋಡಿ ಹೋದ ದಿನ ಬೆಳಗ್ಗೆ ಯಾರು ಬಂದು ಹೇಳಿದರು?" ಅಂದರೆ ಆ ದಿನವೇ ಎದ್ದು ಬರುತ್ತದೆ.

ಸಾಮಾನು ಜಾಸ್ತಿ ಬೇಡ. ಫೋನು, ಅದಕ್ಕೆ ಚುಚ್ಚುವ ಒಂದು ಕಾಲರ್ ಮೈಕ್. ಫೋನನ್ನು ಏರೋಪ್ಲೇನ್ ಮೋಡಿಗೆ ಹಾಕಿ, ಇಲ್ಲದಿದ್ದರೆ ಒಳ್ಳೆಯ ಮಾತಿನ ನಡುವೆ ಕರೆ ಬರುತ್ತದೆ. ಏರಿ ಮೇಲೆ ಗಾಳಿ ಜೋರು, ಮೈಕ್ ಮೇಲೆ ಸ್ಪಂಜಿನ ಟೋಪಿ ಇಲ್ಲದಿದ್ದರೆ ತೆಳು ಕರವಸ್ತ್ರ ಸುತ್ತಿ. ಅವರು ಮಾತಾಡುವಾಗ ನೀವು "ಹ್ಞೂಂ, ಹೌದಾ" ಅನ್ನಬೇಡಿ, ತಲೆಯಾಡಿಸಿ ಸಾಕು. ನಿಮ್ಮ ಹೂಂಗುಟ್ಟುವಿಕೆಯನ್ನು ಆಮೇಲೆ ಕತ್ತರಿಸಿ ತೆಗೆಯಲು ಆಗೋದಿಲ್ಲ. ಮಾತು ಮುಗಿದ ಮೇಲೆ ಎಲ್ಲರೂ ಸುಮ್ನೆ ಕೂತು ಒಂದು ನಿಮಿಷ ಆ ಜಾಗದ ಸದ್ದನ್ನು ಮಾತ್ರ ರೆಕಾರ್ಡ್ ಮಾಡಿ. ಮಾತು ಕತ್ತರಿಸಿ ಜೋಡಿಸುವಾಗ ಸಂದು ಮುಚ್ಚಲು ಅದು ಬೇಕು. ಜೋಡಿಸಲು ನಾನು ಬಳಸುವುದು ಆಡಾಸಿಟಿ ಅನ್ನೋ ಕಂಪ್ಯೂಟರ್ ಸಾಫ್ಟ್‌ವೇರ್, ಪುಕ್ಕಟೆ ಸಿಗುತ್ತದೆ.

ನಮ್ಮ ಕಡೆ ಮನೆಮಾತು ತೆಲುಗು ಇರುವವರು ಬಹಳ. ತಾತ ಮಾತಾಡಿದ್ದೂ ತೆಲುಗಿನಲ್ಲೇ. ಕನ್ನಡದಲ್ಲಿ ಹೇಳಿ ತಾತ ಅಂತ ಕೇಳಲಿಲ್ಲ. ಹಾಗೆ ಕೇಳಿದ್ದರೆ ಆಫೀಸಿನವರ ಎದುರು ನಿಂತಂತೆ ಮಾತಾಡುತ್ತಿದ್ದರು. ದನಿ ತೆಲುಗಿನಲ್ಲೇ ಇರಲಿ ಅಂತ ಬಿಟ್ಟು, ಫೋಟೊ ಕೆಳಗೆ ಕನ್ನಡ ಸಾಲು ಹಾಕಿದೆ.

2021ರ ನವೆಂಬರ್‌ನಲ್ಲಿ ಮಳೆ ಹಿಡಿದುಕೊಂಡು ಕೋಲಾರ ಜಿಲ್ಲೆಯ ಎಷ್ಟೋ ಕೆರೆ ಕೋಡಿ ಹೋದವು. ನಮ್ಮ ಕೆರೆಗೂ ನೀರು ಬಂತು. ಆವತ್ತು ನಾನು ಫೋಟೊಗಿಂತ ಮೊದಲು ಮಾಡಿದ್ದು ಕೋಡಿಯ ಸದ್ದು ರೆಕಾರ್ಡ್ ಮಾಡಿದ್ದು. ಹತ್ತಿರ, ಹತ್ತು ಹೆಜ್ಜೆ ದೂರ, ಊರ ಬಾಗಿಲಲ್ಲಿ ನಿಂತು, ಹೀಗೆ ಮೂರು ಕಡೆ. ಬಿದ್ದ ತೂಬಿನಿಂದ ಬೇಡದ ಕಡೆ ಸೋರುವ ನೀರಿನ ಸದ್ದನ್ನೂ ಹಿಡಿದೆ. ಅದು ಬೇರೆ ಥರ, ಗೊರಗೊರ ಅನ್ನುತ್ತದೆ. ಆಮೇಲೆ ಹನ್ನೆರಡು ಫೋಟೊ, ಒಂದೊಂದಕ್ಕೆ ಎಂಟು ಹತ್ತು ಸೆಕೆಂಡು, ಅಡಿಯಲ್ಲಿ ತಾತನ ದನಿ, ಕೊನೆಗೆ ಆ ಸೋರುವ ಸದ್ದು. ಎರಡೇ ನಿಮಿಷದ ತುಣುಕು. ಅದಕ್ಕಿಂತ ಉದ್ದ ಬೇಡ, ವಾಟ್ಸಾಪಿನಲ್ಲಿ ಸುಲಭವಾಗಿ ಹೋಗುವಷ್ಟು ಚಿಕ್ಕದಿರಲಿ.

ಹಳೆಯ ಫೋಟೊ: ಬೀರು, ಟ್ರಂಕು, ಅಪ್ಪನ ಡಬ್ಬ

ಹಳ್ಳಿಯಲ್ಲಿ ಯಾರೂ ಕೆರೆಯ ಫೋಟೊ ಅಂತ ತೆಗೆಸಿರುವುದಿಲ್ಲ. ಆದರೆ ಮದುವೆ ಆಲ್ಬಂನಲ್ಲಿ ಗಂಗೆ ತರುವ ಶಾಸ್ತ್ರ ಇರುತ್ತದೆ, ಅದರ ಹಿಂದೆ ಕೆರೆ ಇರುತ್ತದೆ. ಗಣಪತಿ ಬಿಡುವ ಫೋಟೊ ಇರುತ್ತದೆ, ಅದರಲ್ಲಿ ನೀರು ಎಲ್ಲಿಯವರೆಗೆ ಇತ್ತು ಅಂತ ಕಾಣುತ್ತದೆ. ಮನೆ ಮನೆಗೆ ಹೋಗಿ ಕೇಳಿ. ನಾನು ಹೆಣ್ಣಾದ್ದರಿಂದ ಅಡುಗೆಮನೆವರೆಗೂ ಹೋಗಿ ಕೂರಲು ಆಯಿತು. ಅಜ್ಜಿಯರು ಬೀರು ತೆರೆದರು. ಆಲ್ಬಂ ಮನೆಗೆ ಒಯ್ಯಬೇಡಿ. ಅಲ್ಲೇ ಕಿಟಕಿ ಪಕ್ಕದ ಬೆಳಕಿನಲ್ಲಿ ಇಟ್ಟು, ಫ್ಲ್ಯಾಶ್ ಇಲ್ಲದೆ ಕಾಪಿ ತೆಗೆದುಕೊಂಡು ಅವರೆದುರೇ ವಾಪಸ್ ಕೊಡಿ. ಫೋಟೊದ ಹಿಂಬದಿಯನ್ನೂ ತೆಗೆದುಕೊಳ್ಳಿ, ಅಲ್ಲಿ ತಾರೀಖು ಇರಬಹುದು.

ನಿಮ್ಮ ಊರಿನಲ್ಲಿ ಹಳೆಯ ಸ್ಟುಡಿಯೊ ಇದ್ದರೆ ಅದೊಂದು ನಿಧಿ. ಅಪ್ಪನ ನೆಗೆಟಿವ್ ಡಬ್ಬಗಳನ್ನು ನಾನು ವರ್ಷಗಟ್ಟಲೆ ಮುಟ್ಟಿರಲಿಲ್ಲ. ಒಂದು ಕವರಿನ ಮೇಲೆ ಅವರ ಓರೆ ಅಕ್ಷರದಲ್ಲಿ 'ಕೋಡಿ ಪೂಜೆ' ಅಂತಿತ್ತು. ಇದೇ ಕೆರೆ. ತೂಬಿನ ಎರಡೂ ಕಂಬ ನೆಟ್ಟಗಿವೆ, ನೀರು ಅವುಗಳ ಅರ್ಧದವರೆಗೆ ಇದೆ, ಏರಿ ಮೇಲೆ ಬಾಗಿನ ಹಿಡಿದ ಹೆಂಗಸರ ಸಾಲು. ಅದರಲ್ಲಿ ಮೂರನೆಯವರು ಈಗಲೂ ಆ ಊರಿನಲ್ಲಿದ್ದಾರೆ.

ನೆಗೆಟಿವ್ ಕಾಪಿ ಮಾಡುವುದು ಕಷ್ಟವಲ್ಲ. ಟ್ಯಾಬ್ಲೆಟ್ ತೆರೆಯಲ್ಲಿ ಬರೀ ಬಿಳಿ ಬಣ್ಣ ತುಂಬಿಸಿ, ಬೆಳಕು ಪೂರ್ತಿ ಜಾಸ್ತಿ ಮಾಡಿ. ಅದರ ಮೇಲೆ ಎರಡು ಇಂಚು ಎತ್ತರದಲ್ಲಿ ಹಾಲುಬಿಳಿ ಅಕ್ರಿಲಿಕ್ ಹಾಳೆ ಇಡಿ, ಇಲ್ಲದಿದ್ದರೆ ತೆರೆಯ ಚುಕ್ಕಿಗಳೂ ಫೋಟೊದಲ್ಲಿ ಬರುತ್ತವೆ. ನೆಗೆಟಿವನ್ನು ಕಪ್ಪು ರಟ್ಟಿನ ಚೌಕಟ್ಟಿನಲ್ಲಿ ಚಪ್ಪಟೆಯಾಗಿ ಕೂರಿಸಿ, ಮೇಲಿಂದ ಮ್ಯಾಕ್ರೊ ಲೆನ್ಸಿನಲ್ಲಿ ತೆಗೆಯಿರಿ. ಕೋಣೆಯ ದೀಪ ಆರಿಸಿ. ಬರಿಗೈಯಲ್ಲಿ ಮುಟ್ಟಬೇಡಿ, ಅಂಚು ಮಾತ್ರ ಹಿಡಿಯಿರಿ, ಧೂಳನ್ನು ಬಟ್ಟೆಯಿಂದ ಉಜ್ಜದೆ ಬ್ಲೋವರಿನಿಂದ ಊದಿ. ಕಂಪ್ಯೂಟರಿನಲ್ಲಿ ಬಣ್ಣ ತಿರುಗಿಸಿದರೆ ಆಯಿತು.

ಆಮೇಲೆ ಅದೇ ಜಾಗದಲ್ಲಿ ನಿಂತು ಈಗಿನ ಫೋಟೊ ತೆಗೆಯಿರಿ. ಅಪ್ಪ ನಿಂತ ಜಾಗ ಹುಡುಕಲು ನನಗೆ ಒಂದು ಬೆಳಗ್ಗೆ ಹಿಡಿಯಿತು. ತೂಬಿನ ಉಳಿದ ಕಂಬ ಮತ್ತು ಹಿಂದಿನ ಗುಡ್ಡದ ತುದಿ ಎರಡೂ ಹಳೆಯ ಫೋಟೊದಲ್ಲಿರುವ ಅಳತೆಗೆ ಕೂಡುವವರೆಗೆ ಹಿಂದೆ ಮುಂದೆ ಸರಿದೆ. ಕೂಡಿದಾಗ ಗೊತ್ತಾಯಿತು, ಅಪ್ಪ ಕಲ್ಲುಚಪ್ಪಡಿಯ ಮೇಲೆ ನಿಂತಿದ್ದರು. ಆ ಚಪ್ಪಡಿ ಇನ್ನೂ ಇದೆ. ನಾನೂ ಅದರ ಮೇಲೆ ಹತ್ತಿ ನಿಂತು ತೆಗೆದೆ.

ನಕ್ಷೆ ಬರೆಯೋದು ಹೆಂಗಸರ ಕೈಗೆ ಬಿಡಿ

ಕೆರೆಯಲ್ಲಿ ನೀರು ನಿಲ್ಲದಿರಲು ಕಾರಣ ಕೆರೆಯೊಳಗೇ ಇರಬೇಕಂತಿಲ್ಲ. 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ನೀರು ಜಿಲ್ಲೆಯ ಹಲವು ಕೆರೆಗಳಿಗೆ ಬರುತ್ತಿದೆ. ಈ ಕೆರೆಗೆ ಅದು ಬರೋದಿಲ್ಲ, ಮಳೆ ನೀರೇ ಗತಿ. ಆ ನೀರು ಬರುವ ಕಾಲುವೆಗಳು ಮುಚ್ಚಿದ್ದರೆ ಏರಿ ಎಷ್ಟು ಗಟ್ಟಿ ಇದ್ದರೇನು? ಒಂದು ಫೋಟೊದಲ್ಲಿ ಅದನ್ನು ತೋರಿಸೋಕೆ ಆಗೋದಿಲ್ಲ.

ಸರ್ವೆ ಇಲಾಖೆಯ ಗ್ರಾಮ ನಕ್ಷೆ ತೆಗೆದುಕೊಳ್ಳಿ. ನಡೆದಾಡುವಾಗ ನಿಂತ ಜಾಗದ ಸರ್ವೆ ನಂಬರ್ ನೋಡಲು ಫೋನಿನಲ್ಲಿ 'ದಿಶಾಂಕ್' ಆ್ಯಪ್ ಇದೆ. ಗೂಗಲ್ ಅರ್ಥ್‌ನಲ್ಲಿ ಹಳೆಯ ವರ್ಷಗಳ ಚಿತ್ರವೂ ಸಿಗುತ್ತದೆ. ಆದರೆ ಇವನ್ನೆಲ್ಲ ಜನರ ಮುಂದೆ ನೇರವಾಗಿ ಇಡಬೇಡಿ, ಯಾರಿಗೂ ಅದು ತಮ್ಮೂರು ಅನ್ನಿಸೋದಿಲ್ಲ. ನಾವು ದೇವಸ್ಥಾನದ ಮುಂದಿನ ಅಂಗಳದಲ್ಲಿ ರಂಗೋಲಿ ಪುಡಿ ಇಟ್ಟೆವು. ಹೆಂಗಸರು ಬರೆದರು. ಮೊದಲು ಕೆರೆ, ಆಮೇಲೆ ಬಟ್ಟೆ ಒಗೆಯುವ ಕಲ್ಲು, ಗೋಕಟ್ಟೆ, ಗುಂಡುತೋಪು. ಕಾಲುವೆಗೆ ನೀಲಿ ಪುಡಿ. ಎಲ್ಲಿ ಮುಚ್ಚಿದೆಯೋ ಅಲ್ಲಿ ಅರಿಶಿನ. ಬರೆಯುತ್ತಾ ಬರೆಯುತ್ತಾ "ಅಲ್ಲ ಅಕ್ಕ, ಅದು ಹುಣಸೆಮರದ ಈಚೆ ಕಡೆ" ಅಂತ ತಿದ್ದಿದರು. ಪಕ್ಕದ ಮನೆಯ ತಾರಸಿಯಿಂದ ನಾನು ಫೋಟೊ ತೆಗೆದೆ. ಸಂಜೆ ಗ್ರಾಮ ನಕ್ಷೆಯ ಜೊತೆ ಇಟ್ಟು ನೋಡಿದರೆ ಅರಿಶಿನದ ಐದು ಗುರುತಿನಲ್ಲಿ ನಾಲ್ಕು ನಕ್ಷೆಯ ಕಾಲುವೆಯ ಮೇಲೆಯೇ ಬಿದ್ದಿದ್ದವು.

ಇಲ್ಲಿ ಒಂದು ಎಚ್ಚರ. ಕಾಲುವೆ ಮುಚ್ಚಿದ ಜಾಗ ಯಾರದೋ ಹೊಲವಾಗಿರುತ್ತದೆ. ಆ ಮನೆಯ ಮಕ್ಕಳೂ ಪ್ರದರ್ಶನಕ್ಕೆ ಬರುತ್ತಾರೆ. ಹೆಸರು ಹಾಕಬೇಡಿ, ಆ ಹೊಲದಲ್ಲಿ ದುಡಿಯುವವರ ಮುಖದ ಫೋಟೊ ಹಾಕಬೇಡಿ. ಅಳತೆ ಮಾಡಿ ಅಂತ ಅರ್ಜಿ ಕೊಡುವುದು ಬೇರೆ ಕೆಲಸ, ಅದಕ್ಕೆ ಸರ್ವೆಯವರಿದ್ದಾರೆ. ಊರು ಒಡೆದರೆ ಕೆರೆ ಮತ್ತೂ ಹಿಂದೆ ಬೀಳುತ್ತದೆ.

ಬರಹ ಮತ್ತು ಅಂಕಿ

ಮೊದಲ ಪ್ರದರ್ಶನದಲ್ಲಿ ತೂಬಿನ ಫೋಟೊಗೆ ನಾನು ಕೊಟ್ಟ ಹೆಸರು 'ಬತ್ತಿದ ಕೆರೆ, ಬಾಡಿದ ಬದುಕು'. ಎರಡನೇ ಸಲ ಹೀಗೆ ಬರೆದೆ: "ಈ ತೂಬಿನ ಬಲಗಡೆಯ ಕಂಬ 2017ರ ಬೇಸಿಗೆಯಲ್ಲಿ ಬಿತ್ತು. ಆಮೇಲೆ ಕೆರೆಗೆ ನೀರು ಬಂದರೂ ತಡೆದಿಡಲು ಆಗುತ್ತಿಲ್ಲ. ಇದರ ಕೆಳಗೆ 62 ಎಕರೆ ಗದ್ದೆ ಇದೆ." ಜನ ನಿಂತು ಓದಿದರು. ಅರವತ್ತೆರಡಲ್ಲ, ಅರವತ್ತೆಂಟು ಅಂತ ಒಬ್ಬರು ವಾದಕ್ಕೆ ಬಂದರು. ವಾದ ಬಂತು ಅಂದರೆ ಬರಹ ಕೆಲಸ ಮಾಡುತ್ತಿದೆ ಅಂತ ಅರ್ಥ.

ಅಚ್ಚಿಗೆ ಕೊಡುವ ಮೊದಲು ಪ್ರತಿ ಸಾಲನ್ನೂ ಓದು ಬಾರದ ಒಬ್ಬ ಹಿರಿಯರಿಗೆ ಓದಿ ಹೇಳಿ. ಅವರು "ಅಂದ್ರೆ?" ಅಂದ ಕಡೆ ತಿದ್ದಿ.

ಅಂಕಿಯಲ್ಲಿ ನಾನು ಒಂದನ್ನೇ ಆರಿಸಿಕೊಂಡೆ. ಕೆರೆ ಬತ್ತಿದ ಮೇಲೆ ಊರು ಕುಡಿಯುವುದು ಆಳದ ಕೊಳವೆಬಾವಿ ನೀರು. ನಮ್ಮ ಸೀಮೆಯಲ್ಲಿ ಅದರ ಜೊತೆ ಫ್ಲೋರೈಡ್ ಕಾಟ. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರು ಇಲ್ಲದ ಕಡೆ 1.5ರವರೆಗೆ ನಡೆಯುತ್ತದೆ. ಪಂಚಾಯಿತಿಯಲ್ಲಿದ್ದ ಪರೀಕ್ಷಾ ಕಿಟ್ ತಂದು ಜನರೆದುರೇ ಪರೀಕ್ಷೆ ಮಾಡಿಸಿ, ಕೊಳವೆಯಲ್ಲಿ ಬಂದ ಬಣ್ಣದ ಫೋಟೊ ತೆಗೆದು ಪಕ್ಕದಲ್ಲಿ ಅಂಕಿ ಬರೆದೆ. ಕಣ್ಣೆದುರು ಬಣ್ಣ ತಿರುಗಿದ್ದನ್ನು ನೋಡಿದವರಿಗೆ ಭಾಷಣ ಬೇಕಾಗೋದಿಲ್ಲ.

ಒಪ್ಪಿಗೆ ಮತ್ತೊಮ್ಮೆ ಕೇಳಿ

ಫೋಟೊಗೆ ಒಪ್ಪಿದವರು ದನಿಗೆ ಒಪ್ಪಿದ್ದಾರೆ ಅಂತ ಅಲ್ಲ. ಮಾಧ್ಯಮ ಬದಲಾದಾಗೆಲ್ಲ ಮತ್ತೆ ಕೇಳಬೇಕು. ನಾನು ಮೂರು ಪ್ರಶ್ನೆ ಕೇಳುತ್ತೇನೆ: ಊರಲ್ಲಿ ಕೇಳಿಸಬಹುದಾ? ಬೇರೆ ಊರಲ್ಲಿ? ಫೋನಿನಲ್ಲಿ ಹಂಚಬಹುದಾ? ಒಬ್ಬ ತಾಯಿ ಕೊಡ ಹೊತ್ತ ಫೋಟೊಗೆ ಸಂತೋಷದಿಂದ ಒಪ್ಪಿದ್ದರು. ಮಾತಿನಲ್ಲಿ ನೀರಿಗಾಗಿ ಮನೆಯೊಳಗೆ ನಡೆದ ಜಗಳ ಬಂದಿತ್ತು. "ದನಿ ಬೇಡಮ್ಮ, ನನ್ನ ದನಿ ಎಲ್ಲರಿಗೂ ಗೊತ್ತು" ಅಂದರು. ಅದು ನಮ್ಮಲ್ಲಿದ್ದ ಒಳ್ಳೆಯ ರೆಕಾರ್ಡಿಂಗ್‌ಗಳಲ್ಲಿ ಒಂದು. ಅವರೆದುರೇ ಅಳಿಸಿದೆ.

ಜಪಾನಿನ ಮಿನಮಾಟದಲ್ಲಿ ಪಾದರಸದ ವಿಷಕ್ಕೆ ಸಿಕ್ಕಿದವರ ನಡುವೆ ಫೋಟೊಗ್ರಾಫರ್ ದಂಪತಿ ಯೂಜೀನ್ ಸ್ಮಿತ್ ಮತ್ತು ಐಲೀನ್ ಸ್ಮಿತ್ 1970ರ ದಶಕದಲ್ಲಿ ವರ್ಷಗಟ್ಟಲೆ ಇದ್ದು ಕೆಲಸ ಮಾಡಿದರು. ತಾಯಿಯೊಬ್ಬರು ಮಗಳನ್ನು ಸ್ನಾನ ಮಾಡಿಸುವ ಅವರ ಫೋಟೊ ಲೋಕವೆಲ್ಲ ಸುತ್ತಿತು. ಮಗಳು ತೀರಿಕೊಂಡು ಎಷ್ಟೋ ವರ್ಷದ ಮೇಲೆ ಹೆತ್ತವರು ಅವಳನ್ನು ವಿಶ್ರಮಿಸಲು ಬಿಡಿ ಅಂದಾಗ, 1990ರ ದಶಕದ ಕೊನೆಯಲ್ಲಿ ಐಲೀನ್ ಅದನ್ನು ಇನ್ನು ಹೊಸದಾಗಿ ಪ್ರಕಟಿಸುವುದಿಲ್ಲ ಎಂದು ತೀರ್ಮಾನಿಸಿದರು. ಅಷ್ಟು ದೊಡ್ಡ ಫೋಟೊವನ್ನೇ ಹಿಂದಕ್ಕೆ ತೆಗೆದುಕೊಳ್ಳಬಹುದಾದರೆ, ನಮ್ಮ ನಿಮ್ಮದು ಯಾವ ಲೆಕ್ಕ?

ಎಲ್ಲಿ ತೋರಿಸೋದು: ಹಾಲಿನ ಡೈರಿ

ಇದನ್ನು ಒಬ್ಬ ಹುಡುಗಿ ಹೇಳಿಕೊಟ್ಟಳು. ಶಾಲೆಗೆ ಬರುವವರು ಬರುತ್ತಾರೆ, ಡೈರಿಗೆ ಎಲ್ಲರೂ ಬರಲೇಬೇಕು ಅಲ್ವಾ? ಬೆಳಗ್ಗೆ, ಸಂಜೆ, ಕ್ಯಾನ್ ಹಿಡಿದು ಸಾಲಿನಲ್ಲಿ ನಿಲ್ಲಬೇಕು. ನಿಂತವರ ಕಣ್ಣಿಗೆ ಬೇರೆ ಕೆಲಸ ಇರುವುದಿಲ್ಲ. ಗಂಡಸರು, ಹೆಂಗಸರು, ಎಲ್ಲ ಜಾತಿಯವರೂ ಅಲ್ಲಿರುತ್ತಾರೆ. ದೇವಸ್ಥಾನದ ಜಗುಲಿಯಲ್ಲಿ ಹಾಕಿದ್ದರೆ ನೀರಗಂಟಿ ತಾತ ಮೆಟ್ಟಿಲ ಕೆಳಗೆ ನಿಲ್ಲುತ್ತಿದ್ದರು.

ಪ್ಲಾಸ್ಟಿಕ್ ಫ್ಲೆಕ್ಸ್ ಕರ್ನಾಟಕದಲ್ಲಿ 2016ರಿಂದ ನಿಷೇಧ. ಬಟ್ಟೆಯ ಮೇಲೆ ಪ್ರಿಂಟ್ ಹಾಕಿಸಿ. ಮಡಚಿ ಚೀಲದಲ್ಲಿ ಹಾಕಿಕೊಂಡು ಬಸ್ಸಿನಲ್ಲಿ ಹೋಗಬಹುದು, ಕೊಳೆಯಾದರೆ ಮೆಲ್ಲಗೆ ಒಗೆಯಬಹುದು. ನಲವತ್ತು ಫೋಟೊ ಹನ್ನೆರಡಕ್ಕೆ ಇಳಿಸಿದೆ. ಮೂರು ಅಡಿ ಅಗಲ, ಮೇಲೆ ಕೆಳಗೆ ಬಿದಿರು ಕಡ್ಡಿ ತೂರಿಸಲು ಮಡಿಕೆ ಹೊಲಿಸಿ. ಸಾಲು ನಿಲ್ಲುವ ಜಾಗದಿಂದ ನಾಲ್ಕು ಹೆಜ್ಜೆ ದೂರಕ್ಕೆ ಅಕ್ಷರ ಕಾಣಬೇಕು. ಅಪ್ಪನ ಫೋಟೊ ಮತ್ತು ನನ್ನದು ಪಕ್ಕಪಕ್ಕ. ರಂಗೋಲಿ ನಕ್ಷೆ ಎಲ್ಲಕ್ಕಿಂತ ದೊಡ್ಡದು. ಬೆಂಚಿನ ಮೇಲೆ ಸಣ್ಣ ಸ್ಪೀಕರಿನಲ್ಲಿ ತಾತನ ದನಿ, ಮೆಲ್ಲಗೆ, ಹತ್ತಿರ ಹೋದರೆ ಮಾತ್ರ ಕೇಳುವಷ್ಟು.

ಒಂದು ವಾರ ಇಟ್ಟೆವು. ಆ ವಾರದ ಕೊನೆಗೆ ಗ್ರಾಮಸಭೆ ಇತ್ತು. ದಿನ ಮೊದಲೇ ನೋಡಿಕೊಂಡು ಹೊಂದಿಸಿದ್ದು. ಇದು ಬಹಳ ಮುಖ್ಯ. ನೋಡಿದವರ ಮನಸ್ಸು ಬಿಸಿಯಾಗಿರುವಾಗಲೇ ಮಾತಾಡಲು ಒಂದು ಸಭೆ ಇರಬೇಕು, ಕೈಯಲ್ಲಿ ಒಂದು ಕಾಗದ ಇರಬೇಕು. ಮನವಿಯಲ್ಲಿ ಮೂರೇ ಬೇಡಿಕೆ ಬರೆದೆವು: ತೂಬು ರಿಪೇರಿ, ನರೇಗಾದಲ್ಲಿ ಕಾಲುವೆ ಹೂಳು ತೆಗೆಯುವುದು, ಕೆರೆಯ ಗಡಿ ಅಳತೆ. ಪ್ರತಿ ಬೇಡಿಕೆಯ ಪಕ್ಕ ಅದಕ್ಕೆ ಸೇರಿದ ಫೋಟೊ, ಸರ್ವೆ ನಂಬರ್, ತಾರೀಖು. ಬಟ್ಟೆಗಳನ್ನು ಡೈರಿಯಿಂದ ಬಿಚ್ಚಿ ಸಭೆಯ ಗೋಡೆಗೆ ಕಟ್ಟಿದೆವು. ಮಾತಾಡಿದ್ದು ನಾನಲ್ಲ. ಅಪ್ಪನ ಫೋಟೊದಲ್ಲಿ ಮೂರನೆಯವರಾಗಿ ನಿಂತಿದ್ದ ಅಜ್ಜಿ ಎದ್ದು, ಬಟ್ಟೆಯ ಹತ್ತಿರ ಹೋಗಿ, ತಮ್ಮ ಮುಖದ ಮೇಲೆ ಬೆರಳಿಟ್ಟು, ಆ ದಿನ ನೀರು ಎಲ್ಲಿಯವರೆಗೆ ಇತ್ತು ಅಂತ ಹೇಳಿದರು. ಬೇಡಿಕೆಗಳು ನಡಾವಳಿ ಪುಸ್ತಕದಲ್ಲಿ ಬರೆಯಲ್ಪಟ್ಟವು. ಅದರ ಪ್ರತಿಯನ್ನು ಕೇಳಿ ಪಡೆದುಕೊಳ್ಳಿ. ಆಮೇಲೆ ಓಡಾಡುವಾಗ ಆಧಾರ ಅದೇ.

ಮುಂದಿನ ಬೇಸಿಗೆಯಲ್ಲಿ ಎರಡು ಕಾಲುವೆಯ ಹೂಳು ತೆಗೆದರು. ತೂಬಿನ ಕಂಬ ಎತ್ತಿ ನಿಲ್ಲಿಸಿದರು. ಗಡಿ ಅಳತೆಯ ಅರ್ಜಿ ಇನ್ನೂ ನಡೆಯುತ್ತಿದೆ, ಪ್ರತಿ ಎರಡು ತಿಂಗಳಿಗೊಮ್ಮೆ ಊರಿನ ಇಬ್ಬರು ಹೋಗಿ ವಿಚಾರಿಸಿ ಬರುತ್ತಾರೆ.

ಕೊನೆಯದಾಗಿ, ಎಲ್ಲವನ್ನೂ ಊರಿಗೆ ಕೊಟ್ಟು ಬನ್ನಿ. ಎರಡು ಪೆನ್ ಡ್ರೈವ್ ಮಾಡಿ ಒಂದು ಶಾಲೆಯಲ್ಲಿ, ಒಂದು ಡೈರಿಯಲ್ಲಿ ಇಟ್ಟೆ. ಪ್ರತಿ ಫೈಲಿನ ಹೆಸರಿನಲ್ಲೇ ತಾರೀಖು, ಜಾಗ. ಫೋಟೊದಲ್ಲಿರುವ ಪ್ರತಿಯೊಬ್ಬರಿಗೂ ಒಂದು ಕಾಗದದ ಪ್ರಿಂಟ್. ತಾತನ ರೆಕಾರ್ಡಿಂಗನ್ನು ಅವರ ಮೊಮ್ಮಗನ ಫೋನಿಗೆ ಹಾಕಿಕೊಟ್ಟೆ. ಕಳೆದ ವರ್ಷ ತಾತ ತೀರಿಕೊಂಡರು. ಹನ್ನೊಂದನೆಯ ದಿನ ಊಟಕ್ಕೆ ಹೋಗಿದ್ದೆ. ಮೊಮ್ಮಗ ಫೋನನ್ನು ಸ್ಟೀಲ್ ಲೋಟದೊಳಗೆ ನಿಲ್ಲಿಸಿ ದನಿ ಜೋರು ಬರುವಂತೆ ಮಾಡಿದ್ದ. ಬಿರಡೆ ಎತ್ತುವಾಗ ಎಷ್ಟು ಹೊತ್ತು ಉಸಿರು ಕಟ್ಟಬೇಕು ಅಂತ ತಾತ ಹೇಳುತ್ತಿದ್ದರು.